ಗಾಂಜಾ ಕಾಯದೆ: ಸೆರೆಮನೆಯೂ ಬೇಡ, ಅಂಗಡಿಯೂ ಬೇಡ

ಕಾಶಿಯ ಗಲ್ಲಿಯಲ್ಲಿ ಸರಕಾರದ ಪರವಾನಿಗೆ ಪಡೆದ ಅಂಗಡಿಗೆ ಹೋಗಿ ಭಾಂಗಿನ ಉಂಡೆಯೊಂದನ್ನು ಕೊಂಡು, ತಂಡಾಯಿಯಲ್ಲಿ ಕಲಸಿ ಕುಡಿಯುವ ಗೃಹಸ್ಥನು ಯಾವ ಅಪರಾಧವನ್ನೂ ಮಾಡಿದವನಲ್ಲ. ಅದೇ ಗಿಡದ ಹೂವಿನ ತೆನೆಯನ್ನು ಒಣಗಿಸಿ ಚಿಲುಮೆಗೆ ತುಂಬಿದ ಕೂಲಿಕಾರನನ್ನು ಮಾತ್ರ ಪೋಲೀಸರು ಹಿಡಿದೊಯ್ಯಬಹುದು. ಅವನ ಜೇಬಿನಲ್ಲಿ ಸಿಕ್ಕಿದ್ದು ಹತ್ತೇ ಗ್ರಾಮು ಆಗಿದ್ದರೂ ಒಂದು ವರ್ಷದವರೆಗೆ ಸಶ್ರಮ ಸಜೆಯನ್ನೂ ಹತ್ತು ಸಾವಿರ ರೂಪಾಯಿಗಳವರೆಗೆ ದಂಡವನ್ನೂ ನ್ಯಾಯಾಧೀಶರು ವಿಧಿಸಬಹುದು. ಎಲೆಗೆ ಒಂದು ನ್ಯಾಯ, ಹೂವಿಗೆ ಇನ್ನೊಂದು. ವಯಸ್ಸಿಗೆ ಬಂದವರು ಸ್ವಂತಕ್ಕಾಗಿ ಗಾಂಜಾ ಬಳಸುವದನ್ನು ಕಾಯದೆಬದ್ಧಗೊಳಿಸಬೇಕೇ ಬೇಡವೇ ಎಂಬ ಚರ್ಚೆ ದೇಶದೇಶಗಳಲ್ಲಿ ನಡೆದಿರುವಾಗ, ನಾವು ಮೊದಲು ಉತ್ತರ ಹೇಳಬೇಕಾದದ್ದು ನಮ್ಮ ಮನೆಯೊಳಗಿನ ಈ ವಿಚಿತ್ರಕ್ಕೆ.

ಈ ಭೇದವು ವೈದ್ಯಶಾಸ್ತ್ರದಿಂದ ಹುಟ್ಟಿದ್ದಲ್ಲ. 1961 ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಗಾಂಜಾ ಎಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಬಿಟ್ಟ ತುದಿಗಳು ಎಂದು ಹೇಳಿ, ತುದಿಯ ಜೊತೆಗೆ ಕೂಡಿರದ ಎಲೆಯನ್ನೂ ಬೀಜವನ್ನೂ ಹೊರಗಿಟ್ಟರು. ನಮ್ಮ 1985 ರ ಮಾದಕ ದ್ರವ್ಯಗಳ ಕಾಯದೆಯು, ಅಂದರೆ ಜನರು ಎನ್‌ಡಿಪಿಎಸ್ ಎಂದು ಕರೆಯುವ ಕಾಯದೆಯು, ಆ ವ್ಯಾಖ್ಯೆಯನ್ನೇ ಎತ್ತಿಕೊಂಡಿತು. ಭಾಂಗು ಹೀಗೆ ಉಳಿದುಕೊಂಡಿತು. 2022 ರಲ್ಲಿ ಕರ್ನಾಟಕ ಹೈಕೋರ್ಟು ಜಾಮೀನಿನ ಅರ್ಜಿಯೊಂದರ ವಿಚಾರಣೆಯಲ್ಲಿ, ಭಾಂಗು ಆ ಕಾಯದೆಯ ನಿಷಿದ್ಧ ವಸ್ತುಗಳಲ್ಲಿ ಸೇರಿಲ್ಲವೆಂದೇ ಹೇಳಿತು. ನಮ್ಮ ಹಳ್ಳಿಗಳಲ್ಲಾದರೋ ಭಂಗಿ ಎಂಬ ಒಂದೇ ಮಾತು ಎಲೆಗೂ ಸಲ್ಲುತ್ತದೆ, ಸೇದುವ ಸೊಪ್ಪಿಗೂ ಸಲ್ಲುತ್ತದೆ. ಯಾದಗಿರಿ ಜಿಲ್ಲೆಯ ತಿಂಥಿಣಿಯ ಮೌನೇಶ್ವರನ ಜಾತ್ರೆಯಲ್ಲಿ ಭಕ್ತರು ಅದನ್ನು ಪ್ರಸಾದವೆಂದು ಸ್ವೀಕರಿಸುವ ಸಂಗತಿ ಪತ್ರಿಕೆಗಳಲ್ಲಿ ಬಂದಿರುವದು. ಕಾಯದೆಯ ವ್ಯಾಖ್ಯೆಯನ್ನು ಆ ಭಕ್ತರಿಗೆ ತಿಳಿಯಹೇಳಿದವರು ಯಾರು?

ಈ ಪ್ರಶ್ನೆಯನ್ನು ಕುರಿತು ಚೌಕಶಿ ನಡೆಯದೇ ಹೋಗಿಲ್ಲ. ಇಷ್ಟು ವಿಸ್ತಾರವಾದ ಚೌಕಶಿ ಬೇರೆ ಯಾವ ದೇಶದಲ್ಲಿ ಆ ಕಾಲಕ್ಕೆ ನಡೆದಿತ್ತೋ ನಾವರಿಯೆವು. 1893 ರಲ್ಲಿ ಮದ್ಯಪಾನ ವಿರೋಧಿಯೂ ಕಾಂಗ್ರೆಸ್ಸಿನ ಹಿತೈಷಿಯೂ ಆಗಿದ್ದ ಡಬ್ಲ್ಯು. ಎಸ್. ಕೇನ್ ಎಂಬವರು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ, ಹಿಂದುಸ್ತಾನದ ಸರಕಾರವು ಗಾಂಜಾ ಮಾರಿ ಜನರ ಬುದ್ಧಿಯನ್ನೂ ನೀತಿಯನ್ನೂ ಕೆಡಿಸುತ್ತಲಿದೆಯೇ ಎಂಬ ವಿಚಾರವನ್ನೆತ್ತಿದರು. ಅದರ ಫಲವಾಗಿ ಮ್ಯಾಕ್‌ವರ್ತ್ ಯಂಗರ ಅಧ್ಯಕ್ಷತೆಯಲ್ಲಿ ಒಂದು ಕಮಿಶನ್ ನೇಮಕವಾಯಿತು. ಅದು ದೇಶವನ್ನೆಲ್ಲ ಸುತ್ತಿ 1,193 ಸಾಕ್ಷಿದಾರರ ಮಾತು ಕೇಳಿ, 1894 ರಲ್ಲಿ ಮೂರು ಸಾವಿರಕ್ಕೂ ಮಿಕ್ಕ ಪುಟಗಳ ವರದಿಯನ್ನು ಸಲ್ಲಿಸಿತು. ಮಿತವಾದ ಸೇವನೆಯಿಂದ ದೇಹಕ್ಕಾಗಲಿ ಮನಸ್ಸಿಗಾಗಲಿ ನಡತೆಗಾಗಲಿ ಹೇಳತಕ್ಕ ಕೇಡಿಲ್ಲ, ಅತಿಯಾದರೆ ಕೇಡುಂಟು, ಪೂರ್ಣ ನಿಷೇಧವು ಅನವಶ್ಯಕ ಎಂಬುದು ಅದರ ನಿರ್ಣಯ.

ಆ ವರದಿಯಲ್ಲಿ ಹುಚ್ಚಾಸ್ಪತ್ರೆಗಳನ್ನು ಕುರಿತ ಭಾಗವನ್ನು ಅಧಿಕಾರಿಗಳೆಲ್ಲರೂ ಓದತಕ್ಕದ್ದು. ಗಾಂಜಾದಿಂದ ಹುಚ್ಚು ಹಿಡಿಯುವದೆಂಬುದಕ್ಕೆ ಆಗ ತೋರಿಸುತ್ತಿದ್ದ ಮುಖ್ಯ ಆಧಾರ ಆಸ್ಪತ್ರೆಯ ದಫ್ತರಗಳು. ಕಮಿಶನ್ನಿನವರು 1892 ರ ಒಂದೊಂದು ಪ್ರಕರಣವನ್ನೂ ಬುಡದವರೆಗೆ ಕೆದಕಿ ನೋಡಿದರು. ರೋಗಿಯ ಜೊತೆಗೆ ಪೋಲೀಸಿನವನು ತಂದ ಕಾಗದದಲ್ಲಿ ಕಾರಣ ಎಂಬ ಒಂದು ಕಲಮು ಇತ್ತು. ಅದನ್ನು ಖಾಲಿ ಬಿಡುವದು ಸಲ್ಲದು. ಕಾರಣವಾರ್ತೆ ಯಾರಿಗೂ ತಿಳಿಯದಿದ್ದಾಗ ಗಾಂಜಾ ಎಂದು ಬರೆದು ಮುಗಿಸುವದು ಸುಲಭವಾಗಿತ್ತು. ದಫ್ತರದಲ್ಲಿ ಗಾಂಜಾದ ತಲೆಗೆ ಕಟ್ಟಿದ್ದ ಪ್ರಕರಣಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚಿನವು ಈ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಗುಮಾಸ್ತನ ಸೋಮಾರಿತನವು ವೈದ್ಯಶಾಸ್ತ್ರವಾಗಿ ಬೆಳೆದ ಬಗೆ ಇದು!

ಆದರೆ ಈಗ ಗಾಂಜಾವನ್ನು ಬಿಡುಗಡೆ ಮಾಡಿರೆನ್ನುವವರು ಈ ವರದಿಯನ್ನು ವೇದವಾಕ್ಯದಂತೆ ಎತ್ತಿ ಹಿಡಿಯುವದನ್ನು ಕಂಡಾಗ ನಮಗೆ ಸ್ವಲ್ಪ ನಗೆ ಬರುವದು. ಗಾಂಜಾವು ಆಗ ಅಬಕಾರಿಯ ಬೆಳೆ. ಬಂಗಾಲದ ನವಗಾಂವಿನ ಉಗ್ರಾಣಗಳಿಂದ ಅದು ಸರಕಾರದ ಕಣ್ಣೆದುರಿನಲ್ಲೇ ತೂಕವಾಗಿ ಹೊರಡುತ್ತಿತ್ತು. ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳಲ್ಲಿ 1878 ರ ಅಬಕಾರಿ ಕಾಯದೆಯು ಹೆಂಡಕ್ಕೆ ಹೇಗೋ ಭಂಗಿಗೂ ಹಾಗೆಯೇ ಅನ್ವಯಿಸುತ್ತಿತ್ತು. ನಿಷೇಧ ಬೇಡ, ತೆರಿಗೆ ಹಾಕಿ ಹಿಡಿತದಲ್ಲಿಡಿರಿ ಎಂಬ ಸಲಹೆಯು ಬೊಕ್ಕಸಕ್ಕೆ ಅಪ್ರಿಯವಾಗಿರಲಾರದು. ಕಮಿಶನ್ನಿನ ಮೂವರು ದೇಶೀಯ ಸದಸ್ಯರಲ್ಲಿ ರಾಜಾ ಶಶಿಶೇಖರೇಶ್ವರ ರಾಯರೂ ಲಾಲಾ ನಿಹಾಲಚಂದರೂ ಬೇರೆ ಅಭಿಪ್ರಾಯವನ್ನೇ ಬರೆದರು. ಸಾಕ್ಷ್ಯವನ್ನು ಜರಡಿ ಹಿಡಿದ ಆ ಶ್ರಮಕ್ಕೆ ನಾವು ತಲೆಬಾಗುತ್ತೇವೆ. ಮಾರುವವನೇ ನ್ಯಾಯಾಧೀಶನನ್ನು ನೇಮಿಸಿದ್ದನೆಂಬುದನ್ನೂ ಮರೆಯುವದಿಲ್ಲ.

ಸ್ವಾತಂತ್ರ್ಯದ ಹೋರಾಟವು ಅಬಕಾರಿಯ ವಿರುದ್ಧ ತಿರುಗಿದ್ದು ಇದೇ ಕಾರಣಕ್ಕೆ. ಸಂವಿಧಾನದ 47 ನೆಯ ವಿಧಿಯು ಆ ಹೋರಾಟದ ಶಿಶುವೆನ್ನಬಹುದು: ಔಷಧಕ್ಕಲ್ಲದೆ ಮಾದಕ ಪೇಯಗಳನ್ನೂ ಆರೋಗ್ಯಕ್ಕೆ ಹಾನಿಕರವಾದ ಮಾದಕ ವಸ್ತುಗಳನ್ನೂ ಸೇವಿಸುವದನ್ನು ನಿಷೇಧಿಸಲು ರಾಜ್ಯವು ಯತ್ನಿಸತಕ್ಕದ್ದೆಂದು ಅದು ಹೇಳುತ್ತದೆ. ಕಾಯದೆಬದ್ಧಗೊಳಿಸುವದನ್ನು ವಿರೋಧಿಸುವವರು ಈ ವಿಧಿಯನ್ನು ತೋರಿಸುವದು ಯೋಗ್ಯವೇ. ಆದರೆ ಗಾಂಧೀಜಿಯವರು 1941 ರಲ್ಲಿ ರಚನಾತ್ಮಕ ಕಾರ್ಯಕ್ರಮವನ್ನು ಬರೆದಾಗ ಪಾನನಿಷೇಧದ ಕೆಳಗೆ ಏನನ್ನು ಕೇಳಿದರು? ವೈದ್ಯರು ವ್ಯಸನಿಯನ್ನು ಬಿಡಿಸುವ ದಾರಿಗಳನ್ನು ಹುಡುಕಲಿ, ದಣಿದ ಕೂಲಿಯವನು ಕೈಕಾಲು ಚಾಚಿ ಕೂತು ಅಗ್ಗದ ಒಳ್ಳೆಯ ಉಪಾಹಾರ ಪಡೆಯುವ ವಿಶ್ರಾಂತಿಯ ತಾಣಗಳನ್ನು ತೆರೆಯಿರಿ ಎಂದರು. ಆ ಕೂಲಿಯವನಿಗೆ ನಾವು ತೆರೆದುಕೊಟ್ಟದ್ದು ಸೆರೆಮನೆಯ ಬಾಗಿಲನ್ನು.

1985 ರ ಮಸೂದೆಯು ಲೋಕಸಭೆಗೆ ಬಂದದ್ದು ಆಗಸ್ಟ 23 ರಂದು. ರಾಷ್ಟ್ರಪತಿಗಳ ಅಂಕಿತವಾದದ್ದು ಸಪ್ಟೆಂಬರ 16 ರಂದು. ಶತಮಾನಗಳ ರೂಢಿಯೊಂದನ್ನು ನಾಲ್ಕು ವಾರದೊಳಗೆ ಅಪರಾಧವನ್ನಾಗಿ ಮಾಡಿದೆವು. 2001 ರಲ್ಲಿ ಶಿಕ್ಷೆಯನ್ನು ತೂಕಕ್ಕೆ ಕಟ್ಟಿದರು. ಗಾಂಜಾ ಒಂದು ಕಿಲೋವರೆಗೆ ಅಲ್ಪ ಪ್ರಮಾಣ. ಇಪ್ಪತ್ತು ಕಿಲೋ ಮೀರಿದರೆ ವ್ಯಾಪಾರೀ ಪ್ರಮಾಣ, ಅದಕ್ಕೆ ಹತ್ತರಿಂದ ಇಪ್ಪತ್ತು ವರ್ಷ. ನಡುವಿನದಕ್ಕೆ ಹತ್ತು ವರ್ಷದವರೆಗೆ. ಮೇಲ್ನೋಟಕ್ಕೆ ಇದು ವಿವೇಕವೆಂದು ತೋರುವದು. ಆದರೆ ತಕ್ಕಡಿಗೆ ಕಣ್ಣಿಲ್ಲ. ಕಾಲೇಜಿನ ಮಗ್ಗುಲಲ್ಲಿ ನಿಂತು ಒಂಬೈನೂರು ಗ್ರಾಮನ್ನು ಪೊಟ್ಟಣ ಕಟ್ಟಿ ಹುಡುಗರಿಗೆ ಮಾರುವವನೂ, ರಾತ್ರಿಯ ಪಾಳಿ ಮುಗಿಸಿ ಕೋಣೆಯಲ್ಲಿ ಒಬ್ಬನೇ ಸೇದುವವನೂ ಒಂದೇ ಕಲಮಿನ ಅಡಿಯಲ್ಲಿ ಒಂದೇ ಗರಿಷ್ಠ ಶಿಕ್ಷೆಗೆ ಗುರಿ. ಸೇದಿದ್ದಕ್ಕೇ ಪ್ರತ್ಯೇಕವಾಗಿ 27 ನೆಯ ಕಲಮು ಆರು ತಿಂಗಳವರೆಗಿನ ಸಜೆಯನ್ನಿಟ್ಟಿದೆ. ಇನ್ನು ಹಿತ್ತಲಲ್ಲಿ ಗಿಡ ಬೆಳೆದವನಿಗೆ ತೂಕದ ಆಸರೆಯೂ ಇಲ್ಲ. ಗಿಡ ಒಂದೇ ಇರಲಿ ನೂರೇ ಇರಲಿ, ಹತ್ತು ವರ್ಷದವರೆಗೆ ಶಿಕ್ಷೆಯಾಗಬಹುದು. ತೂಕವಾದರೂ ನೆಟ್ಟಗಿದೆಯೇ? ಹೂವು, ಎಲೆ, ಕಾಂಡ ಎಲ್ಲವನ್ನೂ ಒಟ್ಟಿಗೇ ತೂಗಿದರೆಂಬ ತಕರಾರು ಹೈಕೋರ್ಟುಗಳ ಜಾಮೀನಿನ ವಿಚಾರಣೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುವದನ್ನು ವಕೀಲರೆಲ್ಲರೂ ಬಲ್ಲರು.

ಇತ್ತ ಬಳಸುವವರೆಷ್ಟು? ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಮಂತ್ರಾಲಯದ ಪರವಾಗಿ ದಿಲ್ಲಿಯ ಏಮ್ಸ್ ಸಂಸ್ಥೆ ನಡೆಸಿ 2019 ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಒಂದು ವರ್ಷದ ಅವಧಿಯಲ್ಲಿ ಭಾಂಗು, ಗಾಂಜಾ ಅಥವಾ ಚರಸ್ ಸೇವಿಸಿದ ಭಾರತೀಯರು ಸುಮಾರು 3.1 ಕೋಟಿ. ಇವರಲ್ಲಿ ಭಾಂಗಿನವರೇ ಹೆಚ್ಚು. ಗಾಂಜಾ, ಚರಸ್ ಸೇವಿಸಿದವರು ಒಂದು ಕೋಟಿಗೆ ಮೀರುತ್ತಾರೆ. ಒಂದು ಕೋಟಿ ಜನರನ್ನು ಹಿಡಿಯುವ ಪೋಲೀಸ ದಳವೂ ಇಲ್ಲ, ಇಡುವ ಸೆರೆಮನೆಯೂ ಇಲ್ಲ. ಆದುದರಿಂದ ಹಿಡಿಯುವದು ಕೈಗೆ ಸಿಕ್ಕವರನ್ನು. ಕೈಗೆ ಸಿಗುವವರು ಯಾರೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ: ಬಂಗಲೆಯ ಮಾಳಿಗೆಯ ಮೇಲೆ ಸೇದುವವನಂತೂ ಅಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಗಾಂಜಾ ನಿರಪಾಯವೆಂದು ನಾವು ವಾದಿಸುತ್ತೇವೆಂದು ಯಾರೂ ಭಾವಿಸಕೂಡದು. ಕಮಿಶನ್ನಿನ ಕಾಲದ ಸೊಪ್ಪೇ ಬೇರೆ, ಇಂದಿನ ಮಾಲೇ ಬೇರೆ. ಮತ್ತೇರಿಸುವ ಟಿಎಚ್‌ಸಿ ಎಂಬ ಅಂಶವು ಅಮೆರಿಕೆಯ ಅಂಗಡಿಗಳ ಹೂವಿನಲ್ಲಿ ನೂರಕ್ಕೆ ಇಪ್ಪತ್ತರಷ್ಟಿರುವದು ಅಪರೂಪವಲ್ಲ. ಹಿಂಡಿ ತೆಗೆದ ಸತ್ವಗಳಲ್ಲಿ ಅದರ ಹಲವು ಪಟ್ಟು. ಎಳೆಯ ವಯಸ್ಸಿನಲ್ಲಿ ಆರಂಭಿಸಿ, ತೀಕ್ಷ್ಣವಾದ ಮಾಲನ್ನು ದಿನನಿತ್ಯ ಸೇದುವವರಲ್ಲಿ ಚಿತ್ತವಿಕಾರದ ಅಪಾಯ ಹೆಚ್ಚೆಂಬುದನ್ನು ಇಂದಿನ ವೈದ್ಯರು ತಳ್ಳಿಹಾಕುವದಿಲ್ಲ. ಸೇವಿಸುವವರಲ್ಲಿ ಸುಮಾರು ಹತ್ತಕ್ಕೊಬ್ಬರು ವ್ಯಸನಕ್ಕೆ ಬೀಳುತ್ತಾರೆಂಬ ಅಂದಾಜುಂಟು. ಮಗನ ಓದು ನಿಂತುಹೋದದ್ದನ್ನು ಕಣ್ಣಾರೆ ಕಂಡ ತಂದೆತಾಯಿಗಳಿಗೆ, ಹೆಂಡಕ್ಕಿಂತ ಇದು ಮೇಲಲ್ಲವೇ ಎಂದು ಕೇಳುವದು ಕ್ರೂರವಾದ ಮಾತು.

ಹಾಗಾದರೆ ಕೆನಡಾದಂತೆ ಅಂಗಡಿ ತೆರೆಯೋಣವೇ? ಆ ದೇಶವು 2018 ರ ಅಕ್ಟೋಬರ 17 ರಿಂದ ವಯಸ್ಕರಿಗೆ ಗಾಂಜಾ ಮಾರಲು ಅನುಮತಿಯಿತ್ತಿತು. ಅದು ಶೇರುಪೇಟೆಯ ಸರಕೂ ಆಯಿತು. ಹೆಚ್ಚು ಸೇದುವವನೇ ಒಳ್ಳೆಯ ಗಿರಾಕಿಯಾದ ಮೇಲೆ ಮಿತವನ್ನು ಬೋಧಿಸುವ ವ್ಯಾಪಾರಿ ಎಲ್ಲಿ ಸಿಕ್ಕಾನು? ಥಾಯ್ಲೆಂಡಿನ ಕಥೆ ಇನ್ನೂ ಹತ್ತಿರದ್ದು. 2022 ರ ಜೂನಿನಲ್ಲಿ ಗಾಂಜಾವನ್ನು ನಿಷಿದ್ಧ ಪಟ್ಟಿಯಿಂದ ತೆಗೆದರು, ಕಟ್ಟಳೆಯ ಕಾಯದೆಯನ್ನು ಮಾತ್ರ ಮಾಡಲಿಲ್ಲ. ಅಂಗಡಿಗಳು ಸಾವಿರಗಟ್ಟಲೆ ಎದ್ದವು. 2025 ರ ಜೂನಿನಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಸರಕಾರವೇ ಹಿಂದೆ ಸರಿಯಿತು.

ನಮ್ಮ ನಾಡಿಗೆ ಅಷ್ಟು ದೂರದ ಉದಾಹರಣೆಯೂ ಬೇಕಿಲ್ಲ. 2007 ರ ಜುಲೈ 1 ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅಬಕಾರಿಯ ಆದಾಯ ನಿಂತಿತೇ? ಅದು ಬೆಳೆಯುತ್ತ ಬಂದು ವರ್ಷಕ್ಕೆ ಮೂವತ್ತು ಸಾವಿರ ಕೋಟಿ ರೂಪಾಯಿಗಳನ್ನು ದಾಟಿತು. ಇಂತಿಷ್ಟು ಮಾರಾಟವಾಗಲೇಬೇಕೆಂದು ಇಲಾಖೆಗೆ ವರ್ಷವರ್ಷವೂ ಗುರಿ ಗೊತ್ತುಪಡಿಸುವ ಸರಕಾರದ ಕೈಗೆ ಗಾಂಜಾದ ಕೀಲಿಯನ್ನೂ ಕೊಡುವದೆಂದರೆ ನಮಗೆ ಭಯ. ಕೇನ್ ಸಾಹೇಬರು 1893 ರಲ್ಲಿ ಎತ್ತಿದ ಪ್ರಶ್ನೆಯನ್ನು ನಾವು ನಮ್ಮವರಿಗೇ ಕೇಳಬೇಕಾದೀತು.

ಸೆರೆಮನೆಗೂ ಅಂಗಡಿಗೂ ನಡುವೆ ಹಾದಿಯಿಲ್ಲವೆಂಬುದು ಸುಳ್ಳು. ಪೋರ್ತುಗಾಲ ದೇಶವು 2001 ರಿಂದ ಹತ್ತು ದಿನದ ಸ್ವಂತ ಬಳಕೆಗೆ ಮೀರದಷ್ಟನ್ನು ಇಟ್ಟುಕೊಂಡವನನ್ನು ಅಪರಾಧಿಯೆನ್ನದೆ, ವೈದ್ಯಕೀಯ ಹಾಗೂ ಸಾಮಾಜಿಕ ತಿಳಿವಳಿಕೆಯುಳ್ಳವರ ಮಂಡಳಿಯ ಮುಂದೆ ನಿಲ್ಲಿಸುತ್ತದೆ. ದಕ್ಷಿಣ ಆಫ್ರಿಕೆಯ ಸಂವಿಧಾನ ನ್ಯಾಯಾಲಯವು 2018 ರಲ್ಲಿ, ವಯಸ್ಕನು ಖಾಸಗಿಯಾಗಿ ಬಳಸುವದನ್ನೂ ಬೆಳೆಯುವದನ್ನೂ ದಂಡಿಸುವದು ಅವನ ಖಾಸಗಿತನದ ಹಕ್ಕಿಗೆ ವಿರುದ್ಧವೆಂದಿತು; ಮಾರಾಟಕ್ಕೆ ಒಪ್ಪಿಗೆ ಕೊಡಲಿಲ್ಲ. ಜರ್ಮನಿಯು 2024 ರ ಏಪ್ರಿಲ 1 ರಿಂದ ವಯಸ್ಕನಿಗೆ ಹೊರಗೆ 25 ಗ್ರಾಮು, ಮನೆಯಲ್ಲಿ 50 ಗ್ರಾಮು, ಮೂರು ಗಿಡಗಳಿಗೆ ಅವಕಾಶವಿತ್ತರೂ ಅಂಗಡಿಗಳನ್ನು ತೆರೆಯಲಿಲ್ಲ.

ನಮ್ಮ ಕಾಯದೆಯಲ್ಲೂ ಬೀಜವಿಲ್ಲದಿಲ್ಲ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಒಪ್ಪಿದರೆ 64-ಎ ಕಲಮಿನಂತೆ ಮೊಕದ್ದಮೆಯಿಂದ ಪಾರಾಗಬಹುದು. ಆದರೆ ವ್ಯಸನಿಯಲ್ಲದೆ ಎಂದೋ ಒಮ್ಮೆ ಸೇದಿದವನಿಗೆ ಆ ಬಾಗಿಲು ಮುಚ್ಚಿದೆ. ಪಾರಾಗಬೇಕಾದರೆ ಅವನು ಮೊದಲು ತಾನು ವ್ಯಸನಿಯೆಂದು ಬರೆದುಕೊಡಬೇಕು! ಆದುದರಿಂದ ನಮ್ಮ ಬೇಡಿಕೆ ಇಷ್ಟು: ಕಿಲೋದ ತಕ್ಕಡಿಯನ್ನು ಬಿಟ್ಟು, ಗ್ರಾಮುಗಳಲ್ಲಿ ಎಣಿಸತಕ್ಕ ಸ್ವಂತ ಬಳಕೆಯ ಮಿತಿಯೊಂದನ್ನು ಗೊತ್ತುಪಡಿಸಿ, ಅಷ್ಟರೊಳಗೆ ವಯಸ್ಕನ ಮೇಲೆ ಮೊಕದ್ದಮೆಯೂ ಸಜೆಯೂ ಬೇಡ. ಮಾರುವವನಿಗೆ, ಅದರಲ್ಲೂ ಹದಿನೆಂಟು ತುಂಬದವರಿಗೆ ಮಾರುವವನಿಗೆ, ಈಗಿನ ಬಿಗಿ ಇರಲಿ. ಮತ್ತಿನಲ್ಲಿ ವಾಹನ ನಡೆಯಿಸುವವನಿಗೂ ಕ್ಷಮೆ ಬೇಡ. ಉಳಿದ ಪೋಲೀಸ ಶ್ರಮವೂ ಹಣವೂ ಜಿಲ್ಲಾ ಆಸ್ಪತ್ರೆಗಳ ವ್ಯಸನಮುಕ್ತಿ ವಿಭಾಗಗಳಿಗೆ ಸಲ್ಲಲಿ.

2020 ರ ಡಿಸೆಂಬರ 2 ರಂದು ಸಂಯುಕ್ತ ರಾಷ್ಟ್ರಸಂಘದ ಮಾದಕ ದ್ರವ್ಯಗಳ ಆಯೋಗದಲ್ಲಿ ಗಾಂಜಾವನ್ನು ಅತಿ ಅಪಾಯಕರ ವಸ್ತುಗಳ ನಾಲ್ಕನೆಯ ಪಟ್ಟಿಯಿಂದ ತೆಗೆಯುವ ಸೂಚನೆಯು 27 ಕ್ಕೆ 25 ಮತಗಳಿಂದ ಗೆದ್ದಿತು. ಗೆದ್ದ ಪಕ್ಷದಲ್ಲಿ ಭಾರತವೂ ಇತ್ತು. ಮರುವರ್ಷವೇ ಪಾರ್ಲಿಮೆಂಟು ನಮ್ಮ ಕಾಯದೆಯನ್ನು ತಿದ್ದಲು ಕೈಗೆತ್ತಿಕೊಂಡಿತು. ತಿದ್ದಿದ್ದೇನು? 2014 ರಲ್ಲಿ ಉಪಕಲಮುಗಳ ಕ್ರಮ ಬದಲಿಸುವಾಗ 27-ಎ ಕಲಮಿನಲ್ಲಿ ಹಳೆಯ ಗುರುತು ಹಾಗೆಯೇ ಉಳಿದುಹೋಗಿತ್ತು. ಏಳು ವರ್ಷಗಳ ಮೇಲೆ, ತ್ರಿಪುರಾ ಹೈಕೋರ್ಟು ಎತ್ತಿ ತೋರಿಸಿದ ನಂತರ, ಆ ಒಂದು ಅಕ್ಷರವನ್ನು ಸರಿಪಡಿಸಿದರು. ಸೇದಿದವನ ಆರು ತಿಂಗಳನ್ನು ಹೇಳುವ 27 ನೆಯ ಕಲಮು ಅದಕ್ಕೆ ಹೊಂದಿಕೊಂಡೇ ಇದೆ. ಅದನ್ನು ಆ ದಿನ ಯಾರೂ ಮುಟ್ಟಲಿಲ್ಲ.