ಆಸ್ಕರ್ ಗೆದ್ದ ಮೊದಲ ಕಪ್ಪು ವರ್ಣೀಯ ಐಸಾಕ್ ಹೇಯ್ಸ್? ಫಾರ್ವರ್ಡ್ ಮಾಡುವ ಮುನ್ನ ಇಷ್ಟು ಓದಿ

ಬೋಳು ತಲೆ, ಕಪ್ಪು ಕನ್ನಡಕ, ಅಂಗಿಯ ಬದಲು ಮೈತುಂಬ ಚಿನ್ನದ ಬಣ್ಣದ ಸರಪಳಿ. 1972ರ ಆಸ್ಕರ್ ವೇದಿಕೆಯಲ್ಲಿ ಐಸಾಕ್ ಹೇಯ್ಸ್ ‘ಶಾಫ್ಟ್’ ಸಿನಿಮಾದ ಹಾಡು ನುಡಿಸುವ ವಿಡಿಯೋ ತುಣುಕನ್ನು ನೀವೂ ನೋಡಿರಬಹುದು. ಅದರ ಜೊತೆ ಒಂದು ಸಾಲು ಸುತ್ತುತ್ತಿರುತ್ತದೆ: ‘ಆಸ್ಕರ್ ಗೆದ್ದ ಮೊದಲ ಕಪ್ಪು ವರ್ಣೀಯ’. ವಿಡಿಯೋ ಅಸಲಿ, ಆದರೆ ಆ ಸಾಲು ತಪ್ಪು.

ಮೊದಲು ಗೆದ್ದವರು ಹ್ಯಾಟಿ ಮೆಕ್‌ಡೇನಿಯಲ್. ‘ಗಾನ್ ವಿತ್ ದಿ ವಿಂಡ್’ ಚಿತ್ರದ ಮನೆಗೆಲಸದಾಕೆಯ ಪಾತ್ರಕ್ಕೆ 1940ರಲ್ಲಿ ಅವರಿಗೆ ಪೋಷಕ ನಟಿ ಪ್ರಶಸ್ತಿ ಬಂತು. ಸಮಾರಂಭ ನಡೆದ ಹೋಟೆಲಿಗೆ ಕಪ್ಪು ಜನರಿಗೆ ಪ್ರವೇಶವೇ ಇರಲಿಲ್ಲ. ವಿಶೇಷ ಅನುಮತಿ ಪಡೆದು ಒಳಗೆ ಬಂದ ಆಕೆಯನ್ನು ಸಹನಟರಿಂದ ದೂರ, ಬೇರೆ ಮೇಜಿನಲ್ಲಿ ಕೂರಿಸಲಾಯಿತು. 1964ರಲ್ಲಿ ಸಿಡ್ನಿ ಪೊಯ್ಟಿಯೇ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ಹೇಯ್ಸ್ ಅವರು ಶ್ರೇಷ್ಠ ಹಾಡಿನ ವಿಭಾಗದಲ್ಲಿ ಗೆದ್ದ ಮೊದಲ ಆಫ್ರಿಕನ್ ಅಮೆರಿಕನ್. ಇದೇನೂ ಸಣ್ಣ ಸಾಧನೆಯಲ್ಲ. ಆದರೆ ತಪ್ಪು ಸಾಲನ್ನು ಹಂಚಿದಾಗಲೆಲ್ಲ ಹ್ಯಾಟಿಯನ್ನು ನಾವು ಇನ್ನೊಮ್ಮೆ ಬೇರೆ ಮೇಜಿಗೆ ಕಳಿಸಿದಂತಾಗುತ್ತದೆ.

‘ಶಾಫ್ಟ್ ಮೊದಲ ಕಪ್ಪು ಸಿನಿಮಾ’ ಎಂಬುದೂ ನಿಜವಲ್ಲ. ಆಸ್ಕರ್ ಮಿಶೋ ಎಂಬ ನಿರ್ದೇಶಕ 1919ರಿಂದಲೇ ಕಪ್ಪು ಪ್ರೇಕ್ಷಕರಿಗಾಗಿ ಚಿತ್ರ ಮಾಡುತ್ತಿದ್ದರು. 40ಕ್ಕೂ ಹೆಚ್ಚು ಚಿತ್ರ ಮಾಡಿದರು, ಅವುಗಳಲ್ಲಿ ಬಹುಪಾಲು ಕಳೆದೇ ಹೋಗಿವೆ.

ಹಾಗಾದರೆ 1971ರಲ್ಲಿ ಹೊಸದೇನಿತ್ತು? ನ್ಯೂಯಾರ್ಕಿನಲ್ಲಿ ಯಾರಿಗೂ ತಲೆಬಾಗದ ಒಬ್ಬ ಕಪ್ಪು ಪತ್ತೇದಾರ ಚಿತ್ರದ ನಾಯಕ. ನಿರ್ದೇಶಕ ಗಾರ್ಡನ್ ಪಾರ್ಕ್ಸ್ ಕೂಡ ಕಪ್ಪು ವರ್ಣೀಯರೇ, ‘ಲೈಫ್’ ಪತ್ರಿಕೆಯ ಹೆಸರಾಂತ ಛಾಯಾಗ್ರಾಹಕ. ಮೊದಲ ದೃಶ್ಯದಲ್ಲಿ ನಾಯಕ ಸುರಂಗ ರೈಲು ನಿಲ್ದಾಣದಿಂದ ಮೇಲೆ ಬಂದು ರಸ್ತೆಯಲ್ಲಿ ನಡೆಯುತ್ತಾನೆ, ಅಷ್ಟೇ. ಹಿನ್ನೆಲೆಯಲ್ಲಿ ಹೈ-ಹ್ಯಾಟ್ ತಾಳ, ಅದರ ಮೇಲೆ ‘ವಾಕಾ ವಾಕಾ’ ಎನ್ನುವ ಗಿಟಾರ್. ಎರಡು ನಿಮಿಷ ಕಳೆದರೂ ಒಂದು ಪದ ಹಾಡುವುದಿಲ್ಲ, ಆದರೂ ಆ ಗಿಟಾರ್ ಏನೋ ಮಾತಾಡುತ್ತಿದೆ ಎನಿಸುತ್ತದೆ!

ಹೀಗೆ ಅನಿಸಲು ವೈಜ್ಞಾನಿಕ ಕಾರಣವಿದೆ. ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಒಂದೇ ಶ್ರುತಿಯಲ್ಲಿ ‘ಊ’ ಎನ್ನುತ್ತಾ ಉಸಿರು ನಿಲ್ಲಿಸದೆ ‘ಆ’ಗೆ ಬನ್ನಿ. ಗಂಟಲಿನ ಶ್ರುತಿ ಬದಲಾಗಲಿಲ್ಲ, ಬಾಯಿಯ ಆಕಾರ ಬದಲಾಯಿತು. ಆಕಾರಕ್ಕೆ ತಕ್ಕಂತೆ ಬಾಯಿ ಕೆಲವು ಫ್ರೀಕ್ವೆನ್ಸಿಗಳನ್ನು ಎತ್ತಿಹಿಡಿದು ಉಳಿದವನ್ನು ತಗ್ಗಿಸುತ್ತದೆ. ಸ್ವರಾಕ್ಷರಗಳನ್ನು ನಮ್ಮ ಕಿವಿ ಗುರುತಿಸುವುದು ಹೀಗೆಯೇ. ಗಿಟಾರ್ ವಾದಕ ಕಾಲಲ್ಲಿ ಒತ್ತುವ ‘ವಾ-ವಾ’ ಪೆಡಲ್ ಇದೇ ಕೆಲಸವನ್ನು ವಿದ್ಯುತ್ ಫಿಲ್ಟರ್‌ನಿಂದ ಮಾಡುತ್ತದೆ. ‘ಶಾಫ್ಟ್’ನಲ್ಲಿ ಸ್ಕಿಪ್ ಪಿಟ್ಸ್ ನುಡಿಸಿದ್ದು ಹೆಚ್ಚುಕಡಿಮೆ ಒಂದೇ ಸ್ವರ, ಕೆಲಸವೆಲ್ಲ ಪೆಡಲ್‌ನದು. ಬಾಯಿ ತೆರೆದು ಮುಚ್ಚಿದಂತೆ ಕೇಳುವುದರಿಂದ ನಮ್ಮ ಮಿದುಳಿಗೆ ಅದು ಮಾತಿನಂತೆ ತೋರುತ್ತದೆ.

ಕಾಲು ತಾನಾಗಿ ಕುಣಿಯುವುದಕ್ಕೆ ಕಾರಣ ಬೇರೆ. ಪೆಟ್ಟು ಬೀಳುತ್ತದೆ ಎಂದುಕೊಂಡ ಜಾಗವನ್ನು ಖಾಲಿ ಬಿಟ್ಟು ಆಚೀಚೆ ಬಾರಿಸುವುದು ಈ ಸಂಗೀತದ ಗುಣ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ತಪ್ಪಿಸುವಿಕೆ ತೀರಾ ಕಡಿಮೆಯೂ ಅಲ್ಲದೆ ತೀರಾ ಹೆಚ್ಚೂ ಅಲ್ಲದೆ, ನಡುಮಟ್ಟದಲ್ಲಿದ್ದಾಗಲೇ ಕೇಳುಗರಿಗೆ ಕುಣಿಯಬೇಕೆನಿಸಿತು.

ನಮ್ಮನ್ನು ಕೇಳಿದರೆ, ಆ ಕಾಲದ ಅತ್ಯುತ್ತಮ ಚಿತ್ರಸಂಗೀತ ‘ಶಾಫ್ಟ್’ನದಲ್ಲ, 1972ರ ‘ಸೂಪರ್ ಫ್ಲೈ’ನದು. ಗಾರ್ಡನ್ ಪಾರ್ಕ್ಸ್ ಅವರ ಮಗ ಗಾರ್ಡನ್ ಪಾರ್ಕ್ಸ್ ಜೂನಿಯರ್ ನಿರ್ದೇಶಿಸಿದ ಈ ಚಿತ್ರದ ನಾಯಕ ಕೊಕೇನ್ ಮಾರುವವನು. ಅವನ ಕಾರು, ಕೋಟು ನೋಡಿದ ಹುಡುಗರಿಗೆ ಆಸೆ ಹುಟ್ಟದಿರದು. ಆದರೆ ಸಂಗೀತ ನೀಡಿದ ಕರ್ಟಿಸ್ ಮೇಫೀಲ್ಡ್ ಹಾಡುಗಳಲ್ಲಿ ಬೇರೆಯದನ್ನೇ ಹೇಳಿದರು. ತೆರೆ ಮೇಲೆ ದುಡ್ಡು ಹೊಳೆಯುತ್ತದೆ, ಆಲ್ಬಮ್‌ನ ಹಾಡು ಆ ದಂಧೆಯಲ್ಲಿ ಸತ್ತವನ ಬಗ್ಗೆ ದುಃಖಿಸುತ್ತದೆ. ಚಿತ್ರದ ಜೊತೆ ಜಗಳ ಆಡುವ ಚಿತ್ರಸಂಗೀತ! ಆ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ‘ಫ್ರೆಡ್ಡೀಸ್ ಡೆಡ್’ ಹಾಡಿಗೆ ಮಾತ್ರ ಆಸ್ಕರ್ ಸ್ಪರ್ಧೆಗಿಳಿಯುವ ಅವಕಾಶವೇ ಸಿಗಲಿಲ್ಲ. ಚಿತ್ರದೊಳಗೆ ಅದರ ವಾದ್ಯಸಂಗೀತ ಮಾತ್ರ ಕೇಳುತ್ತದೆ, ಸಾಹಿತ್ಯ ಕೇಳುವುದಿಲ್ಲ ಎಂಬುದು ಕಾರಣ.

ಎಲ್ಲರೂ ಈ ಚಿತ್ರಗಳನ್ನು ಮೆಚ್ಚಲಿಲ್ಲ. ಇವು ಕಪ್ಪು ಜನರನ್ನು ದಲ್ಲಾಳಿ, ಗೂಂಡಾ, ಮಾದಕ ವಸ್ತು ಮಾರುವವರೆಂದೇ ತೋರಿಸುತ್ತವೆ ಎಂದು ಕಪ್ಪು ನಾಗರಿಕ ಹಕ್ಕು ಸಂಘಟನೆಗಳೇ ಪ್ರತಿಭಟಿಸಿದವು. ‘ಬ್ಲ್ಯಾಕ್ಸ್‌ಪ್ಲಾಯ್ಟೇಶನ್’ ಎಂಬ, ‘ಕಪ್ಪು’ ಮತ್ತು ‘ಶೋಷಣೆ’ ಎರಡನ್ನೂ ಬೆಸೆದ ಹೆಸರು ಹುಟ್ಟಿದ್ದು ಆ ಸಿಟ್ಟಿನಿಂದಲೇ. ಲಾಭದ ದೊಡ್ಡ ಪಾಲು ಬಿಳಿಯರ ಒಡೆತನದ ಸ್ಟುಡಿಯೋಗಳಿಗೆ ಹೋಯಿತು. ಇನ್ನೊಂದೆಡೆ ಕಪ್ಪು ನಟರು, ವಾದಕರು, ತಂತ್ರಜ್ಞರು ಅನೇಕರಿಗೆ ಮೊದಲ ಬಾರಿ ಕೆಲಸ ಸಿಕ್ಕಿತು. ಎರಡೂ ನಿಜ, ಒಂದನ್ನಷ್ಟೇ ಹೇಳುವ ಫಾರ್ವರ್ಡ್ ಅರ್ಧ ಸುಳ್ಳು.

‘ಶಾಫ್ಟ್’ ಅನ್ನು 2000ದಲ್ಲಿ, ‘ಸೂಪರ್ ಫ್ಲೈ’ ಅನ್ನು 2022ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿತು. ಸರಪಳಿ ತೊಟ್ಟ ಹೇಯ್ಸ್ ವಿಡಿಯೋ ನಿಮ್ಮ ಗುಂಪಿಗೆ ಮತ್ತೆ ಬಂದರೆ, ಅಡಿಬರಹವನ್ನು ಹೀಗೆ ತಿದ್ದಿ ಕಳಿಸಿ: ‘ಶ್ರೇಷ್ಠ ಹಾಡಿಗೆ ಆಸ್ಕರ್ ಗೆದ್ದ ಮೊದಲ ಆಫ್ರಿಕನ್ ಅಮೆರಿಕನ್’.