ಬಿಗಿದರೆ ಸೋರುವ ಕಿಟಕಿ

ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತದೆ. ಹಂಚು ಒಡೆದಿರುವುದು ಒಂದು ಕಡೆ, ನೀರು ತೊಟ್ಟಿಕ್ಕುವುದು ಇನ್ನೊಂದು ಕಡೆ. ರೀಪಿನ ಗುಂಟ ಹರಿದು, ಪಕಾಸಿಗೆ ಇಳಿದು, ಸರಿಯಾಗಿ ಹಾಸಿಗೆಯ ಮೇಲೇ ಬಂದು ಬೀಳುತ್ತದೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಹಳೆಯ ಹಾಯಿದೋಣಿ ಇಟ್ಟುಕೊಂಡವರ ಗೋಳೂ ಇದೇ. ಅಲ್ಲಿ ಸೋರುವುದು ಹಂಚಲ್ಲ, ಕಿಟಕಿ.

ಈ ದೋಣಿಗಳಲ್ಲಿ ಹೆಚ್ಚಿನವು 1960-70ರ ದಶಕದವು. ಮರ ಹೋಗಿ ಫೈಬರ್‌ಗ್ಲಾಸ್ ಬಂದದ್ದೇ ತಡ, ಅಚ್ಚಿಗೆ ಹಾಕಿದಂತೆ ಒಂದೇ ಮಾದರಿಯ ದೋಣಿಗಳು ಸಾಲುಸಾಲಾಗಿ ತಯಾರಾದವು. ಮೇಷ್ಟರು, ಗುಮಾಸ್ತರು ಕೂಡ ಹಾಯಿ ಬಿಚ್ಚುವಂತಾಯಿತು. ವೆಸ್ಟರ್ಲಿ ಕಂಪನಿ 1969ರಲ್ಲಿ ತಂದ 26 ಅಡಿಯ 'ಸೆಂಟಾರ್' ಒಂದೇ 2,400ಕ್ಕೂ ಹೆಚ್ಚು ಮಾರಾಟವಾಯಿತು. (ಕಂಪನಿ ಕಟ್ಟಿದ ಡೆನಿಸ್ ರೇನರ್ ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳ ಬೆನ್ನುಹತ್ತಿದ್ದ ನೌಕಾಧಿಕಾರಿ. ಆತ ಬರೆದ ಕಾದಂಬರಿಯೇ 'ದಿ ಎನಿಮಿ ಬಿಲೋ' ಎಂಬ ಹಾಲಿವುಡ್ ಚಿತ್ರವಾದದ್ದು.) ಕಂಪನಿ ಮುಚ್ಚಿಹೋಯಿತು, ದೋಣಿಗಳ ಒಡಲು ಇನ್ನೂ ಗಟ್ಟಿಯಾಗಿದೆ. ಅವುಗಳಿಗೆ ಮುಪ್ಪು ಮೊದಲು ಬಂದದ್ದು ಕಿಟಕಿಯ ಸಂದಿನಲ್ಲಿ.

ಯಾಕೆ ಅಲ್ಲಿ? ಬಹಳಷ್ಟು ದೋಣಿಗಳ ಕಿಟಕಿಗೆ ಹಾಕಿರುವುದು ಗಾಜಲ್ಲ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಹಾಳೆ. ಬಿಸಿಲಿಗೆ ಅದು ಚೌಕಟ್ಟಿನ ಅಲ್ಯೂಮಿನಿಯಂಗಿಂತ ಮೂರು ಪಟ್ಟು, ಗಾಜಿಗಿಂತ ಏಳೆಂಟು ಪಟ್ಟು ಹೆಚ್ಚು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಹಾಳೆ 30 ಡಿಗ್ರಿ ಏರಿಳಿತಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆದು ಕುಗ್ಗುತ್ತದೆ. ಒಂದು ಮಿಲಿಮೀಟರ್ ಏನು ಮಹಾ ಎನ್ನಬಹುದು. ದಿನಕ್ಕೊಮ್ಮೆಯಂತೆ ಐವತ್ತು ವರ್ಷ ಎಳೆದಾಡಿಸಿಕೊಂಡ ಅಂಟನ್ನು ಕೇಳಬೇಕು.

ಸೋರಿಕೆ ಕಂಡ ಯಜಮಾನ ಮೊದಲು ಮಾಡುವುದು ಸ್ಕ್ರೂ ಬಿಗಿಯುವುದು. ಕೆಲಸ ಕೆಡುವುದೂ ಅಲ್ಲೇ. ಬಿಗಿದಷ್ಟೂ ಕಿಟಕಿಗೂ ದೋಣಿಯ ಗೋಡೆಗೂ ನಡುವಿನ ಅಂಟು, ಅಂದರೆ ಸೀಲೆಂಟ್, ಹಿಂಡಿ ಹೊರಬಂದು, ಕಾಗದದಷ್ಟು ತೆಳ್ಳಗಿನ ಪದರ ಉಳಿಯುತ್ತದೆ. ಎರಡು ಮೂರು ಮಿಲಿಮೀಟರ್ ದಪ್ಪವಿದ್ದರೆ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತಿದ್ದ ಅಂಟು ಈಗ ಹರಿಯುತ್ತದೆ. ಬಲ್ಲವರು ನಡುವೆ ಸಣ್ಣ ರಬ್ಬರ್ ತುಂಡುಗಳನ್ನಿಟ್ಟು ಆ ದಪ್ಪ ಉಳಿಸಿಕೊಳ್ಳುತ್ತಾರೆ. ಅಕ್ರಿಲಿಕ್‌ಗೆ ಕೊರೆಯುವ ತೂತೂ ಸ್ಕ್ರೂಗಿಂತ ದೊಡ್ಡದಿರಬೇಕು, ಹಾಳೆಗೆ ಜರುಗಲು ಜಾಗ ಬೇಕಲ್ಲ. ಇಡೀ ವಿದ್ಯೆ ಇರುವುದು ಎಷ್ಟು ಸಡಿಲ ಬಿಡಬೇಕು ಎಂಬುದರಲ್ಲೇ.

ಆದರೆ ಹೊಸ ಅಂಟು ಹಾಕುವುದು ಒಂದು ಮಧ್ಯಾಹ್ನದ ಕೆಲಸ. ಹಳೆಯದನ್ನು ತೆಗೆಯುವುದಕ್ಕೆ ವಾರವೇ ಬೇಕಾದೀತು. ಅಲ್ಯೂಮಿನಿಯಂ ಚೌಕಟ್ಟಿಗೆ ಸ್ಟೀಲ್ ಸ್ಕ್ರೂ ಹಾಕಿರುತ್ತಾರೆ. ಉಪ್ಪುನೀರು ಸೇರಿದರೆ ಎರಡು ಲೋಹಗಳ ನಡುವೆ ಬ್ಯಾಟರಿಯಂಥ ಕ್ರಿಯೆ ಶುರುವಾಗಿ, ಬಿಳಿ ಪುಡಿ ಕಟ್ಟಿ, ಸ್ಕ್ರೂ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಎಣ್ಣೆ ಬಿಟ್ಟು, ಬಿಸಿ ಮಾಡಿ, ಕಾಯಬೇಕು. ಚೌಕಟ್ಟು ಬಿಚ್ಚಿದಾಗ ಒಳಗಿನ ಪ್ಲೈವುಡ್ ನೆನೆದ ರಸ್ಕಿನಂತೆ ಉದುರಿದರೆ ಅದನ್ನು ಕೆರೆದು ಎಪಾಕ್ಸಿ ತುಂಬಬೇಕು. ಎಲ್ಲಕ್ಕಿಂತ ದೊಡ್ಡ ಪೀಡೆ, ಹಿಂದಿನ ಮಾಲೀಕ ಬಚ್ಚಲಮನೆಗೆ ತಂದು ಮಿಕ್ಕಿದ್ದ ಸಿಲಿಕೋನನ್ನು ಇಲ್ಲೂ ಬಳಿದಿರುವುದು. ಅದರ ಕಾಣದ ಪಸೆ ಉಳಿದ ಕಡೆ ಮತ್ತಾವ ಅಂಟೂ ನಿಲ್ಲುವುದಿಲ್ಲ. ಅದನ್ನು ಒರೆಸಲು ಅಸಿಟೋನ್ ತಂದರೋ, ಅಕ್ರಿಲಿಕ್ ತುಂಬ ಜೇಡರಬಲೆಯಂಥ ಬಿರುಕು.

ಯಾವ ಅಂಟು ಒಳ್ಳೆಯದು ಎಂಬುದು ಬೋಟ್‌ಯಾರ್ಡಿನಲ್ಲಿ ಮುಗಿಯದ ಜಗಳ. ಚೌಕಟ್ಟಿರುವ ಕಿಟಕಿಗೆ ಬ್ಯುಟೈಲ್ ಟೇಪೇ ನನಗೆ ಸರಿ ಕಾಣುತ್ತದೆ. ಕಣಕದ ಹಾಗೆ ಮೆತ್ತಗಿರುತ್ತದೆ, ಬೇಗ ಗಟ್ಟಿಯಾಗುವುದಿಲ್ಲ, ಮುಂದೊಂದು ದಿನ ಬಿಚ್ಚುವವನ ಶಾಪವೂ ತಟ್ಟುವುದಿಲ್ಲ. ಶಾಶ್ವತವಾಗಿ ಹಿಡಿಯುವ ಪಾಲಿಯುರಿಥೇನ್ ಹಾಕಿದವರು ಮುಂದೆ ಕಿಟಕಿ ತೆಗೆಯಬೇಕಾದರೆ ಗೋಡೆಯ ಚಕ್ಕೆಯನ್ನೂ ಕಿತ್ತು ತರಬೇಕಾದೀತು. ಚೌಕಟ್ಟೇ ಇಲ್ಲದ ಕಿಟಕಿಯ ಕಥೆ ಬೇರೆ, ಅಲ್ಲಿ ಬ್ಯುಟೈಲ್ ಸಾಲದು.

ಇಂಥ ಹಳೆಯ ದೋಣಿಗಳು ದಡದ ಸುತ್ತಲಷ್ಟೇ ಓಡಾಡುತ್ತವೆ ಎಂದುಕೊಳ್ಳಬೇಡಿ. ನಮ್ಮ ಅಭಿಲಾಷ್ ಟೋಮಿ 2022-23ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ 236 ದಿನ ಒಬ್ಬರೇ ಭೂಮಿ ಸುತ್ತಿ ಎರಡನೆಯವರಾಗಿ ಬಂದದ್ದು 'ರಸ್ಲರ್ 36' ಎಂಬ ಇಂಗ್ಲಿಷ್ ಫೈಬರ್‌ಗ್ಲಾಸ್ ದೋಣಿಯಲ್ಲಿ. 1988ಕ್ಕಿಂತ ಹಿಂದೆ ವಿನ್ಯಾಸಗೊಂಡ ದೋಣಿಗೆ ಮಾತ್ರ ಅಲ್ಲಿ ಪ್ರವೇಶ. ದಕ್ಷಿಣ ಸಾಗರದಲ್ಲಿ ಅಲೆ ಮೈಮೇಲೆ ಬಿದ್ದಾಗ ಕಿಟಕಿ ಒಳಬಂತೆಂದರೆ ಒದ್ದೆ ಹಾಸಿಗೆಯ ಮಾತೇ ಬರುವುದಿಲ್ಲ.

ಚಳಿಗಾಲದಲ್ಲಿ ದೋಣಿಗಳನ್ನು ದಡಕ್ಕೆತ್ತಿ ನಿಲ್ಲಿಸಿರುತ್ತಾರೆ. ಕೆಲಸಕ್ಕೆ ಅದೇ ಬಿಡುವು. ಆದರೆ ಥಂಡಿಗೆ, ತೇವಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಹಿಡಿಯುವಷ್ಟು ಬೆಚ್ಚಗಾಗುವ ಹೊತ್ತಿಗೆ ಎಲ್ಲರಿಗೂ ನೀರಿಗಿಳಿಯುವ ಅವಸರ.

ಹೇಗೋ ಮುಗಿಸಿ ಅಂಟು ಆರಿದ ಮೇಲೆ ಪರೀಕ್ಷೆ. ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಪೈಪ್ ಹಿಡಿದು ಹೊರಗೆ. ನೀರನ್ನು ಕೆಳ ಅಂಚಿನಿಂದ ಶುರುಮಾಡಿ ನಿಧಾನವಾಗಿ ಮೇಲೇರಿಸಬೇಕು. ಮೇಲಿನಿಂದ ಬಿಟ್ಟರೆ ಇಳಿದ ನೀರು ಎಲ್ಲೆಲ್ಲೋ ನುಗ್ಗಿ ತೂತು ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಒಳಗಿನವರು "ಏನೂ ಇಲ್ಲ" ಎಂದರೂ ಅನುಭವಸ್ಥರು ಒಳಗೋಡೆಯ ಹೊದಿಕೆಯನ್ನು ತಕ್ಷಣ ಕೂರಿಸುವುದಿಲ್ಲ. ಒಂದು ಜೋರು ಮಳೆ ಹೋಗಲಿ ಎಂದು ಕಾಯುತ್ತಾರೆ. ಇಂಗ್ಲೆಂಡಿನಲ್ಲಿ ಅದಕ್ಕಾಗಿ ಬಹಳ ದಿನ ಕಾಯಬೇಕಾಗಿಲ್ಲ.