ಬೋಲ್ಟು ಬಿಗಿಯುವ ಮುನ್ನ ಗಾಡಿ ನೆಲಕ್ಕಿಳಿಯಬೇಕು

ಬೆಂಗಳೂರಿನ ಜೆ.ಸಿ. ರಸ್ತೆಗೆ ಕಾರಿನ ಬಿಡಿಭಾಗ ಕೊಳ್ಳಲು ಹೋದವರ ಕಣ್ಣಿಗೆ ಬೀಳುವುದು ಅಂಗಡಿಗಳ ಮುಂಭಾಗ ಮಾತ್ರ. ನೇತುಹಾಕಿದ ಸೀಟ್ ಕವರ್, ಸಾಲಾಗಿ ಜೋಡಿಸಿದ ಹಾರ್ನು, ಬಾಗಿಲಲ್ಲೇ ನಿಂತು ಗಿರಾಕಿಯನ್ನು ಕರೆಯುವ ಹುಡುಗರು. ಟೌನ್‌ಹಾಲ್ ಕಡೆಯಿಂದ ಮಿನರ್ವ ವೃತ್ತದವರೆಗೂ ಇದೇ ನೋಟ, ನಡುವೆ ರವೀಂದ್ರ ಕಲಾಕ್ಷೇತ್ರ. ಅಲ್ಲಿ ಕೊಂಡದ್ದು ಗಾಡಿಗೆ ಕೂರುವುದು ಹಿಂದಿನ ಗಲ್ಲಿಗಳಲ್ಲಿ. ಅಂಥ ಒಂದು ಗಲ್ಲಿಯ ಶೆಡ್‌ನಲ್ಲಿ, ಹೈಡ್ರಾಲಿಕ್ ಪ್ರೆಸ್ಸಿನ ಪಕ್ಕ, ಅಗಲವಾದ ತಗಡಿನ ತಟ್ಟೆಯೊಂದಿದೆ. ಅದರ ತುಂಬ ಪೈಪಿನ ತುಂಡುಗಳು, ಹಳೆಯ ಬೇರಿಂಗುಗಳ ಹೊರ ರಿಂಗುಗಳು. ಒಂದೊಂದರ ಮೇಲೂ ಬಿಳಿ ಪೇಂಟಿನಲ್ಲಿ ಗುರುತು: 800, ಝೆನ್, ಓಮ್ನಿ, ಸ್ಯಾಂಟ್ರೊ, ಇಂಡಿಕಾ. ಅಂಗಡಿಯಲ್ಲಿ ಕೊಂಡದ್ದು ಒಂದೂ ಇಲ್ಲ. ಕೆಲವು ಗುಜರಿಯಲ್ಲಿ ಆರಿಸಿದ್ದು, ಕೆಲವು ಲೇತಿನವರ ಹತ್ತಿರ ಅಳತೆ ಹೇಳಿ ಮಾಡಿಸಿದ್ದು.

ತಟ್ಟೆಯ ಒಡೆಯರನ್ನು ಗಲ್ಲಿಯವರೆಲ್ಲ ಉಸ್ತಾದ್ ಎನ್ನುತ್ತಾರೆ. ವಯಸ್ಸು ಎಪ್ಪತ್ತು ದಾಟಿದೆ. ಎಂಜಿನ್ ಬಿಚ್ಚುವುದಿಲ್ಲ, ವೈರಿಂಗ್ ಮುಟ್ಟುವುದಿಲ್ಲ. ಸಣ್ಣ ಕಾರುಗಳ ಸಸ್ಪೆನ್ಷನ್ನಿನಲ್ಲಿ ಸವೆದುಹೋದ ಬುಷ್ ತೆಗೆದು ಹೊಸದನ್ನು ಕೂರಿಸುವುದೊಂದೇ ಅವರ ಕೆಲಸ. ಬೇರೆ ಗ್ಯಾರೇಜಿನವರು ಚಕ್ರವನ್ನು ಗಾಡಿಯ ಮೈಗೆ ಸೇರಿಸುವ ಲೋಯರ್ ಆರ್ಮ್ ಕಳಚಿ, ಗೋಣಿಚೀಲದಲ್ಲಿ ಸುತ್ತಿಕೊಂಡು ಇಲ್ಲಿಗೆ ತರುತ್ತಾರೆ.

ಬುಷ್ ನೋಡಲು ತೀರ ಸಾಧಾರಣ ವಸ್ತು. ಒಂದು ದೊಡ್ಡ ಕಬ್ಬಿಣದ ಕೊಳವೆ, ಅದರೊಳಗೆ ಒಂದು ಸಣ್ಣ ಕೊಳವೆ, ಎರಡರ ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ದೊಡ್ಡದು ಲೋಯರ್ ಆರ್ಮಿನ ತೂತಿನಲ್ಲಿ ಬಿಗಿಯಾಗಿ ಕೂರುತ್ತದೆ. ಸಣ್ಣದರೊಳಗೆ ಬೋಲ್ಟು ತೂರಿ ಗಾಡಿಯ ಮೈಗೆ ಬಿಗಿಯುತ್ತಾರೆ. ಚಕ್ರ ಗುಂಡಿಗೆ ಇಳಿದಾಗ ಆರ್ಮು ಕೆಳಗೆ ಹೋಗುತ್ತದೆ, ಹಂಪ್ ಹತ್ತಿದಾಗ ಮೇಲೆ ಬರುತ್ತದೆ. ಆಗ ಎಲ್ಲೂ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವುದಿಲ್ಲ, ಯಾವುದೂ ಜಾರುವುದಿಲ್ಲ. ನಡುವಿನ ರಬ್ಬರ್ ಒಂದಿಷ್ಟು ತಿರುಚಿಕೊಂಡು ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ, ಅಷ್ಟೇ. ಎಣ್ಣೆ ಬೇಡ, ಗ್ರೀಸ್ ಬೇಡ.

ಉಸ್ತಾದ್ ಕೆಲಸ ಕಲಿತ ಅಂಬಾಸಿಡರ್, ಫಿಯಟ್ ಕಾಲದಲ್ಲಿ ಮುಂದಿನ ಚಕ್ರ ಹೊರಳುವ ಕಿಂಗ್ ಪಿನ್ನಿಗೆ ಗ್ರೀಸ್ ಗನ್ ಹಿಡಿಯುವುದೇ ಹುಡುಗರ ಮೊದಲ ಪಾಠ. ರಬ್ಬರ್ ಆಗಲೂ ಹೊಸದೇನಲ್ಲ. ಅದನ್ನು ಗಂಧಕದೊಂದಿಗೆ ಕಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ ಪೇಟೆಂಟ್ ಪಡೆದದ್ದು 1844ರಲ್ಲಿ. ಆದರೂ ಕಾರಿನ ಕೀಲುಗಳಲ್ಲಿ ರಬ್ಬರ್ ನೆಲೆಯೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ. 1932ರಲ್ಲಿ ವಾಲ್ಟರ್ ಕ್ರೈಸ್ಲರ್ ರಬ್ಬರಿನ ಮೇಲೆ ಎಂಜಿನ್ ಕೂರಿಸಿದ ತನ್ನ ಹೊಸ ಕಾರನ್ನು ಹೆನ್ರಿ ಫೋರ್ಡ್‌ಗೆ ತೋರಿಸಿದಾಗ ಫೋರ್ಡ್‌ಗೆ ಅದು ಹಿಡಿಸಲಿಲ್ಲ ಎಂದು ಅವರ ಕಂಪನಿಯ ಸೊರೆನ್ಸನ್ ನೆನಪಿಸಿಕೊಂಡಿದ್ದಾರೆ. ನಮ್ಮ ಗಲ್ಲಿಗಳಿಗೆ ಈ ಕೆಲಸ ಹೊಳೆಯಂತೆ ಹರಿದುಬಂದದ್ದು ಮಾರುತಿ 800ರಿಂದ. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಯನ್ನು ಹರ್ಪಾಲ್ ಸಿಂಗ್ ಅವರ ಕೈಗಿತ್ತರು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಅಷ್ಟರಲ್ಲಿ ದೇಶದೊಳಗೇ 26 ಲಕ್ಷಕ್ಕೂ ಹೆಚ್ಚು ಗಾಡಿಗಳು ಮಾರಾಟವಾಗಿದ್ದವು. ಹನ್ನೆರಡು ಇಂಚಿನ ಚಕ್ರದ ಆ ಪುಟ್ಟ ಗಾಡಿಗೆ ಪ್ರತಿ ಗುಂಡಿಯೂ ದೊಡ್ಡದೇ. ದೊಡ್ಡ ಚಕ್ರ ದಾಟಿಹೋಗುವ ಕಡೆ ಇದು ಇಳಿದು ಹತ್ತಬೇಕು. ಆ ಏರಿಳಿತವನ್ನೆಲ್ಲ ಹೊತ್ತದ್ದು ಹೆಬ್ಬೆರಳಿನಷ್ಟು ದಪ್ಪವೂ ಇಲ್ಲದ ರಬ್ಬರ್.

ರಬ್ಬರ್ ಬಿರುಕು ಬಿಟ್ಟಾಗ ಮೊದಲು ಬರುವುದು ಸದ್ದು. ಹಂಪ್ ಇಳಿಯುವಾಗ ಮುಂದಿನಿಂದ ಕಟ್ ಕಟ್. ಆಮೇಲೆ ಬ್ರೇಕ್ ಒತ್ತಿದರೆ ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಇಷ್ಟಕ್ಕೆ ಹೆದರಿ ಶಾಕ್ ಅಬ್ಸಾರ್ಬರ್ ಎರಡನ್ನೂ ಬದಲಿಸಿ, ಸದ್ದು ಹೋಗದೆ ಇಲ್ಲಿಗೆ ಬರುವವರು ಬಹಳ. ಉಸ್ತಾದ್ ಮೊದಲು ಗಾಡಿಯನ್ನು ಗಲ್ಲಿಯ ತುದಿಯ ಹಂಪ್ ಮೇಲೆ ನಿಧಾನವಾಗಿ ಓಡಿಸಲು ಹೇಳುತ್ತಾರೆ. ತಾವು ಚಕ್ರದ ಪಕ್ಕ ಬಗ್ಗಿ ನಡೆಯುತ್ತಾರೆ. "ಕಿವಿ ಕೊಡಿ ಸಾರ್, ಗಾಡೀನೇ ಹೇಳ್ತದೆ." ಆಮೇಲೆ ಜಾಕಿ ಏರಿಸಿ, ಆರ್ಮಿನ ಬುಡಕ್ಕೆ ಟಾಮಿ ಸರಳು ಕೊಟ್ಟು ಮೀಟುತ್ತಾರೆ. ಒಳ್ಳೆಯ ಬುಷ್ ತುಸು ಬಗ್ಗಿ ಹಿಂದಕ್ಕೆ ಬರುತ್ತದೆ. ಹೋದ ಬುಷ್‌ನಲ್ಲಿ ಒಳಗಿನ ಕೊಳವೆ ಸಡಿಲವಾಗಿ ಆಡುವುದು ಕಣ್ಣಿಗೇ ಕಾಣುತ್ತದೆ. ಅದನ್ನು ಗಾಡಿಯ ಮಾಲೀಕನಿಗೆ ತೋರಿಸದೆ ಸ್ಪ್ಯಾನರ್ ಹಿಡಿಯುವುದಿಲ್ಲ.

ಬಿಚ್ಚುವ ಕೆಲಸ ಎಲ್ಲ ಗ್ಯಾರೇಜಿನಲ್ಲೂ ಒಂದೇ ತರಹ. ಚಕ್ರ ತೆಗೆ, ಗಾಡಿಗೆ ಭದ್ರವಾದ ಸ್ಟ್ಯಾಂಡ್ ಕೊಡು, ಬಾಲ್ ಜಾಯಿಂಟ್ ಬಿಡಿಸು, ಬೋಲ್ಟು ಎಳೆ. ಬರೀ ಜಾಕಿ ನಂಬಿ ಗಾಡಿಯ ಕೆಳಗೆ ತೂರಿದ ಹುಡುಗನಿಗೆ ಇಲ್ಲಿ ಬೈಗುಳ ಖಚಿತ. ಕುಶಲತೆ ಇರುವುದು ಹಳೆಯ ಬುಷ್ ಹೊರಬರುವಲ್ಲಿ. ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಕೆಲವರು ಬೆಂಕಿ ಕೊಟ್ಟು ರಬ್ಬರ್ ಸುಡುತ್ತಾರೆ. ಆ ಹೊಗೆ ಎದೆಗೆ ವಿಷ, ಆರ್ಮಿನ ಬಣ್ಣವೂ ಸುಟ್ಟು ಮುಂದೆ ತುಕ್ಕಿಗೆ ದಾರಿ. ಉಸ್ತಾದ್ ತಟ್ಟೆಯಿಂದ ಎರಡು ತುಂಡು ಆರಿಸುತ್ತಾರೆ. ಒಂದು ಬುಷ್‌ಗಿಂತ ಕೂದಲೆಳೆ ಸಣ್ಣದು, ಮೇಲಿನಿಂದ ತಳ್ಳಲು. ಇನ್ನೊಂದು ತುಸು ದೊಡ್ಡದು, ಕೆಳಗೆ ಆರ್ಮಿಗೆ ಆಸರೆಯಾಗಿ, ಹಳೆಯದು ಇಳಿದು ಬೀಳಲು. ಪ್ರೆಸ್ಸಿನ ಹಿಡಿ ಒತ್ತುತ್ತ ಹೋದರೆ ಒಮ್ಮೆಲೆ ಟಕ್ಕೆಂದು ಸಡಿಲವಾಗುತ್ತದೆ. ಬರದಿದ್ದರೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಹೊರ ಕೊಳವೆಯನ್ನಷ್ಟೇ ಸೀಳುತ್ತಾರೆ, ಆರ್ಮಿಗೆ ಗೀರು ಬೀಳದಂತೆ. ಹೊಸದನ್ನು ಕೂರಿಸುವಾಗಲೂ ಒತ್ತಡ ಹೊರ ಕೊಳವೆಯ ಅಂಚಿಗೇ ಬೀಳಬೇಕು. ನಡುವಿನ ಕೊಳವೆಗೆ ಬಿದ್ದರೆ ರಬ್ಬರಿನ ಅಂಟು ಅಲ್ಲೇ ಹರಿಯುತ್ತದೆ, ಬುಷ್ ಹೊಸದಾಗಿದ್ದೂ ಸತ್ತಂತೆ. ಪೈಪಿನ ಒಂದೊಂದು ತುಂಡಿಗೂ ಹೆಸರು ಬರೆದಿಟ್ಟಿರುವುದು ಈ ಕಾರಣಕ್ಕೆ. ಕೆಲವು ಗಾಡಿಗಳ ಬುಷ್ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಸಂದು ಇರುತ್ತದೆ. ಅದು ಯಾವ ದಿಕ್ಕಿಗಿತ್ತೋ ಆ ದಿಕ್ಕಿಗೇ ಹೊಸದೂ ಕೂರಬೇಕು. ತೆಗೆಯುವ ಮೊದಲೇ ಸೀಮೆಸುಣ್ಣದ ಗುರುತು ಬಿದ್ದಿರುತ್ತದೆ.

ಸ್ಟೆಬಿಲೈಸರ್ ಬಾರಿನ ಬರಿ ರಬ್ಬರ್ ಬುಷ್‌ಗಳು ಜಾರಿ ಕೂರಲೆಂದು ಎಂಜಿನ್ ಆಯಿಲ್ ಸವರುವವರಿದ್ದಾರೆ. ಆಯಿಲ್ ಕುಡಿದ ರಬ್ಬರ್ ಊದಿ ಮೆತ್ತಗಾಗುತ್ತದೆ. ಇಲ್ಲಿ ಅದಕ್ಕೆ ಸೋಪಿನ ನೀರು.

ಇನ್ನು ಕೊನೆಯ ಹಂತ. ನಾನು ಈ ಶೆಡ್ ಹುಡುಕಿಕೊಂಡು ಹೋದದ್ದೇ ಇದನ್ನು ನೋಡಲು. ಆರ್ಮ್ ಜಾಗಕ್ಕೆ ಬಂದು ಬೋಲ್ಟು ತೂರಿದ ಮೇಲೆ ಉಸ್ತಾದ್ ಅದನ್ನು ಬಿಗಿಯುವುದಿಲ್ಲ. ನಟ್ಟು ಕೈಯಲ್ಲಿ ತಿರುಗಿಸಿ ಬಿಡುತ್ತಾರೆ. ಚಕ್ರ ಹಾಕಿ, ಜಾಕಿ ಇಳಿಸಿ, ಗಾಡಿಯನ್ನು ಪಿಟ್ ಮೇಲೆ ತಂದು, ಬಾನೆಟ್ಟಿನ ಮೇಲೆ ಎರಡು ಕೈ ಊರಿ ನಾಲ್ಕಾರು ಸಲ ಅದುಮುತ್ತಾರೆ. ಗಾಡಿ ತನ್ನ ಭಾರಕ್ಕೆ ತಾನು ಕೂರುತ್ತದೆ. ಆಗ ಪಿಟ್‌ಗಿಳಿದು ಬಿಗಿ ಮಾಡುತ್ತಾರೆ.

ಕಾರಣ ಸರಳ. ಜಾಕಿಯ ಮೇಲಿದ್ದಾಗ ಚಕ್ರ ಜೋತುಬಿದ್ದಿರುತ್ತದೆ. ಆಗಲೇ ಬೋಲ್ಟು ಬಿಗಿದರೆ ಒಳ ಕೊಳವೆ ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಮತ್ತೆ ಬಿಡಿಸಿಕೊಳ್ಳುವುದೇ ಇಲ್ಲ. ಮನೆಯ ಮುಂದೆ ಸುಮ್ಮನೆ ನಿಂತ ಗಾಡಿಯಲ್ಲೂ ಅದು ಹಗಲೂ ರಾತ್ರಿ ಎಳೆತದಲ್ಲೇ ಇರುತ್ತದೆ. ಅದರ ಮೇಲೆ ಹಂಪ್ ಬಂದರೆ ಇನ್ನಷ್ಟು ತಿರುಚು. ಹೀಗೆ ಹಾಕಿದ ಬುಷ್ ಬೇಗ ಹರಿದುಹೋಗುತ್ತದೆ, ಬೈಗುಳ ಮಾತ್ರ ಬುಷ್ ಮಾಡಿದವನಿಗೆ. ನೆಲದ ಮೇಲೆ ಬಿಗಿದರೆ ರಬ್ಬರಿಗೆ ವಿರಾಮದ ಜಾಗ ಒಂದು ಸಿಗುತ್ತದೆ. ಮೇಲಕ್ಕೂ ಕೆಳಕ್ಕೂ ಸಮನಾಗಿ ತಿರುಚಿ ಅಲ್ಲಿಗೇ ಮರಳುತ್ತದೆ. "ಕೆಲಸಕ್ಕೆ ಕೂತೋರು ಮೊದ್ಲು ಸರಿಯಾಗಿ ಕೂರ್ಬೇಕಲ್ವ ಸಾರ್, ಗಾಡೀನೂ ಹಂಗೇ" ಎಂದರು ಪಿಟ್‌ನೊಳಗಿಂದ. ಈ ಹತ್ತು ನಿಮಿಷ ಉಳಿಸಲು ಹೋಗಿ ಎಷ್ಟು ಗ್ಯಾರೇಜುಗಳು ಎಷ್ಟು ಗಾಡಿಗಳನ್ನು ಕೆಡಿಸುತ್ತಿವೆಯೋ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು. ಇದಾದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ ಎಂದು ಹೇಳಿಯೇ ಗಾಡಿ ಕಳಿಸುತ್ತಾರೆ. ಅದು ಅವರ ಕೆಲಸವಲ್ಲ, ಅದರಿಂದ ಅವರಿಗೆ ಕಾಸೂ ಇಲ್ಲ.

ಈಗ ಇಂಥ ಕೆಲಸ ಕಡಿಮೆಯಾಗುತ್ತಿದೆ. ಅನೇಕ ಹೊಸ ಗಾಡಿಗಳಿಗೆ ಬುಷ್ ಬಿಡಿಯಾಗಿ ಸಿಗುವುದಿಲ್ಲ, ಬುಷ್ ಕೂತ ಇಡೀ ಆರ್ಮನ್ನೇ ಕೊಳ್ಳಬೇಕು. ಅದಕ್ಕೆ ಹಲವು ಪಟ್ಟು ದುಡ್ಡು, ಗಟ್ಟಿಮುಟ್ಟಾದ ಹಳೆಯ ಆರ್ಮ್ ಗುಜರಿಗೆ. ಗ್ಯಾರೇಜಿಗೆ ಇದು ಸುಲಭ: ಪ್ರೆಸ್ ಬೇಡ, ತಟ್ಟೆ ಬೇಡ, ಕಲಿತ ಕೈ ಬೇಡ. 800ರ ವಿಷಯದಲ್ಲಿ ಇನ್ನೊಂದು ಪೆಟ್ಟು. ಹೊಗೆಯ ಹೊಸ ನಿಯಮದಿಂದಾಗಿ ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ 2010ರಲ್ಲೇ ಅದರ ಮಾರಾಟ ನಿಂತಿತ್ತು. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿಗಾಗಿ ಪೋರ್ಟಲ್ ತೆರೆಯಿತು, ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಕೈಪಿಡಿ, ಬಿಡಿಭಾಗಗಳ ಮಾಹಿತಿ ಜನರ ಕೈಗೆ ಸಿಗಲಿ ಎಂಬುದು ಉದ್ದೇಶ. ಸಿಗಲೇಬೇಕು. ಬಿಡಿ ಬುಷ್ ಮಾರುವುದನ್ನು ಕಂಪನಿಗಳು ಮುಂದುವರಿಸಲೂಬೇಕು. ಜೊತೆಗೆ, ಕೂರಿಸಲು ಗೊತ್ತಿದ್ದವರು ಎಲ್ಲಿದ್ದಾರೆ ಎಂಬುದನ್ನೂ ಯಾರಾದರೂ ಲೆಕ್ಕ ಇಡಬೇಕಲ್ಲವೇ?

ಉಸ್ತಾದರ ಮಕ್ಕಳು ಬೇರೆ ಉದ್ಯೋಗಗಳಲ್ಲಿದ್ದಾರೆ. ಇಲ್ಲಿ ಪ್ರೆಸ್ ಹಿಡಿದು ಕಲಿತ ಹುಡುಗನೊಬ್ಬ ಈಗ ತುಮಕೂರು ರಸ್ತೆಯ ಒಂದು ಸರ್ವೀಸ್ ಸೆಂಟರಿನಲ್ಲಿದ್ದಾನೆ. ಸಂಬಳ ಚೆನ್ನಾಗಿದೆ, ಸಮವಸ್ತ್ರ ಕೊಟ್ಟಿದ್ದಾರೆ, ಆರ್ಮ್ ಇಡಿಯಾಗಿಯೇ ಬದಲಿಸುತ್ತಾರೆ. ಅಷ್ಟು ದುಡ್ಡು ಹೊಂದಿಸಲಾಗದ ಪರಿಚಯದವರು ಸಿಕ್ಕಾಗ ಭಾನುವಾರ ಬೈಕಿನಲ್ಲಿ ಹಳೆಯ ಆರ್ಮ್ ಕಟ್ಟಿಕೊಂಡು ಈ ಗಲ್ಲಿಗೆ ಬರುತ್ತಾನೆ. ಬುಷ್ ತಾನೇ ಒತ್ತುತ್ತಾನೆ. ಉಸ್ತಾದ್ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತು, "ಹೊರ ಅಂಚಿಗೆ ಇಡು ಬೇಟಾ, ಹೊರ ಅಂಚಿಗೆ" ಎನ್ನುತ್ತಿರುತ್ತಾರೆ. ಅವನಿಗೆ ಅದು ಗೊತ್ತಿದೆ. ಆದರೂ ಅವರು ಹೇಳುವುದು ಮುಗಿಯುವವರೆಗೆ ಪ್ರೆಸ್ಸಿನ ಹಿಡಿಗೆ ಕೈ ಹಾಕುವುದಿಲ್ಲ.